ರಕ್ತದ ಲೆಕ್ಕ ಯಾರ ಕೈಯಲ್ಲಿ?

ಕಳೆದ ತಿಂಗಳು ಸಂಬಳದ ದಿನ ಸಂಜೆ ನಮ್ಮ ಪಕ್ಷದ ಕಚೇರಿಗೆ ಒಬ್ಬ ಹೆಣ್ಣುಮಗಳು ಬಂದರು. ನೂಲುವ ಖಾತೆಯಲ್ಲಿ ಹದಿನಾಲ್ಕು ವರ್ಷ ದುಡಿದವರು. ಸೆರಗಿನಲ್ಲಿ ಮಡಿಸಿ ಇಟ್ಟುಕೊಂಡಿದ್ದ ಬಣ್ಣದ ಕರಪತ್ರವೊಂದನ್ನು ಬಿಡಿಸಿ ಮೇಜಿನ ಮೇಲಿಟ್ಟು, "ಮೇಷ್ಟ್ರೇ, ಇದನ್ನೊಂದಿಷ್ಟು ಓದಿ ಹೇಳಿ. ಮಾಡಿಸಬೇಕು ಅಂತ ಇದೀನಿ. ಸೊಸೈಟಿಯಲ್ಲಿ ಸಾಲ ಸಿಗುತ್ತದೋ ನೋಡಿ" ಎಂದರು. ಒಂದಿಷ್ಟು ರಕ್ತ ಕೊಟ್ಟರೆ ಸಾಕು, ಅದರೊಳಗಿನ ಸೂಕ್ಷ್ಮ ರಾಸಾಯನಿಕಗಳನ್ನು ಓದಿ ಮುಂದೆ ಸ್ತನದ ಕ್ಯಾನ್ಸರ್ ಬರುವುದೋ ಇಲ್ಲವೋ ಎಂದು ಹೇಳುತ್ತೇವೆ ಎಂಬುದು ಆ ಕರಪತ್ರದ ಭರವಸೆ. ಬೆಲೆ, ಆಕೆಯ ಅರ್ಧ ತಿಂಗಳ ಸಂಬಳ.

ನಾವು ಕರಪತ್ರವನ್ನು ಎರಡು ಸಾರಿ ಓದಿದೆವು. ನಮ್ಮ ಓದು ಮೆಟ್ರಿಕ್ಕಿಗೇ ನಿಂತದ್ದು. ಇದು ನಿಜವೋ ಮೋಸವೋ ಎಂದು ಆ ಗಳಿಗೆಯಲ್ಲಿ ಹೇಳಲು ನಮ್ಮಿಂದ ಆಗಲಿಲ್ಲ. "ಎರಡು ದಿನ ತಾಳಮ್ಮ, ತಿಳಿದುಕೊಂಡು ಹೇಳುತ್ತೇವೆ" ಎಂದು ಕಳಿಸಿದೆವು. ಪರಿಚಯದ ವೈದ್ಯರನ್ನು ಕೇಳಿ, ಸಿಕ್ಕಿದ ವರದಿಗಳನ್ನು ಓದಿ ನಾವು ತಿಳಿದುಕೊಂಡದ್ದನ್ನು ಆಕೆಯೊಬ್ಬರಿಗೆ ಹೇಳಿ ಮುಗಿಸಿದರೆ ಸಾಲದು ಎನ್ನಿಸಿದ್ದರಿಂದ ಈ ಲೇಖನ.

ರಾಜಕೀಯ ಪತ್ರಿಕೆಯಲ್ಲಿ ಹೆಂಗಸರ ಕಾಯಿಲೆಯ ಮಾತೇಕೆ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಅವರು ಈ ಅಂಕಿಗಳನ್ನು ನೋಡಲಿ. 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೆಂಗಸರಿಗೆ ಈ ರೋಗ ಹೊಸದಾಗಿ ಕಾಣಿಸಿತು, ಸುಮಾರು 98 ಸಾವಿರ ಹೆಂಗಸರು ಇದರಿಂದ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜು. ಇನ್ನೊಂದು ಲೆಕ್ಕವನ್ನೂ ಅದೇ ಸಂಸ್ಥೆ ಕೊಟ್ಟಿದೆ. ಅತ್ಯಂತ ಮುಂದುವರಿದ ದೇಶಗಳಲ್ಲಿ 12 ಹೆಂಗಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಈ ರೋಗ ಬರುತ್ತದೆ, 71ರಲ್ಲಿ ಒಬ್ಬರು ಸಾಯುತ್ತಾರೆ. ಅತ್ಯಂತ ಹಿಂದುಳಿದ ದೇಶಗಳಲ್ಲಿ 27ರಲ್ಲಿ ಒಬ್ಬರಿಗೆ ಮಾತ್ರ ರೋಗ ಪತ್ತೆಯಾಗುತ್ತದೆ, ಆದರೆ 48ರಲ್ಲಿ ಒಬ್ಬರು ಸಾಯುತ್ತಾರೆ. ಅಂದರೆ ರೋಗ ಹೆಚ್ಚು ಉಳ್ಳವರ ನಾಡಿನಲ್ಲಿ, ಸಾವು ಹೆಚ್ಚು ಇಲ್ಲದವರ ನಾಡಿನಲ್ಲಿ. ಇದು ರಾಜಕೀಯವಲ್ಲದೆ ಮತ್ತೇನು?

ರಕ್ತದಲ್ಲಿ ಏನಿದೆ?

ಮೊದಲು ವಿಜ್ಞಾನದ ಮಾತನ್ನು ನ್ಯಾಯವಾಗಿ ನೋಡೋಣ. ಕರಪತ್ರ ಹಂಚುವವನ ಮೇಲಿನ ಸಿಟ್ಟನ್ನು ವಿಜ್ಞಾನಿಯ ಮೇಲೆ ತೀರಿಸಿಕೊಳ್ಳುವುದು ಸರಿಯಲ್ಲ.

ಮಿಲ್ಲಿನೊಳಗೆ ಹತ್ತಿ ಹೋಗುತ್ತದೆ, ನೂಲು ಹೊರಗೆ ಬರುತ್ತದೆ. ನಡುವೆ ಪ್ರತಿ ಖಾತೆಯಲ್ಲೂ ಧೂಳು, ಅರಳೆಯ ಚೂರು, ಕಡಿದ ಎಳೆ ಉಳಿಯುತ್ತವೆ. ಅನುಭವವುಳ್ಳ ಜಾಬರ್ ನೆಲದ ಮೇಲೆ ಬಿದ್ದ ಚೂರನ್ನು ನೋಡಿಯೇ ಯಾವ ಯಂತ್ರ ಸರಿಯಿಲ್ಲ ಎಂದು ಊಹಿಸಬಲ್ಲ. ನಮ್ಮ ದೇಹವೂ ಹಾಗೆಯೇ. ಉಂಡ ಅನ್ನ, ಕುಡಿದ ನೀರು, ಉಸಿರಾಡಿದ ಗಾಳಿ ಎಲ್ಲವನ್ನೂ ಅದು ಒಡೆದು, ಜೋಡಿಸಿ, ಸುಟ್ಟು ಶಕ್ತಿ ಮಾಡಿಕೊಳ್ಳುತ್ತದೆ. ಇದಕ್ಕೆ ಚಯಾಪಚಯ ಎಂದು ಹೆಸರು. ಈ ಕೆಲಸದಲ್ಲಿ ಹುಟ್ಟುವ ಸಕ್ಕರೆಯ ಅಂಶ, ಕೊಬ್ಬಿನ ಅಂಶ, ಸಸಾರಜನಕದ ತುಣುಕುಗಳು, ಹಾರ್ಮೋನಿನ ಅವಶೇಷಗಳು ರಕ್ತದಲ್ಲಿ ಓಡಾಡುತ್ತಿರುತ್ತವೆ. ಇವನ್ನೇ ವಿಜ್ಞಾನಿಗಳು ಮೆಟಬಾಲೈಟುಗಳು ಎನ್ನುತ್ತಾರೆ. ಹಿಂದೆ ಇವುಗಳಲ್ಲಿ ಒಂದನ್ನೋ ಎರಡನ್ನೋ ಅಳೆಯುತ್ತಿದ್ದರು. ಸಕ್ಕರೆ ಕಾಯಿಲೆಗೆ ಸಕ್ಕರೆ ಅಳೆದಂತೆ. ಈಗ ಒಂದೇ ಸಾರಿಗೆ ನೂರಾರು ತುಣುಕುಗಳನ್ನು ಅಳೆಯುವ ಯಂತ್ರಗಳು ಬಂದಿವೆ.

ಈ ಹುಡುಕಾಟ ನಿನ್ನೆ ಮೊನ್ನೆಯದಲ್ಲ. 1926ರಲ್ಲಿ ಇಂಗ್ಲೆಂಡಿನಲ್ಲಿ ಜಾನೆಟ್ ಲೇನ್-ಕ್ಲೇಪನ್ ಎಂಬ ಮಹಿಳಾ ವೈದ್ಯೆ ಸ್ತನದ ಕ್ಯಾನ್ಸರ್ ಇದ್ದ 500 ಹೆಂಗಸರನ್ನೂ ಇಲ್ಲದ 500 ಹೆಂಗಸರನ್ನೂ ಎದುರುಬದುರು ಇಟ್ಟು ವಿಚಾರಿಸಿದರು. ತಡವಾಗಿ ಮದುವೆಯಾದವರಲ್ಲಿ, ಕಡಿಮೆ ಮಕ್ಕಳಾದವರಲ್ಲಿ, ಮಕ್ಕಳಿಗೆ ಹೆಚ್ಚು ಕಾಲ ಎದೆಹಾಲು ಕೊಡದವರಲ್ಲಿ ರೋಗ ಹೆಚ್ಚು ಎಂದು ಆಗಲೇ ತೋರಿಸಿದರು. ಹಾಗಾದರೆ ಒಳಗೆ ಓಡಾಡುವ ರಸಗಳಲ್ಲಿ ಏನೋ ಇರಬೇಕು ಎಂಬ ಅನುಮಾನ ಬಲವಾಯಿತು. 1961ರಿಂದ ಇಂಗ್ಲಿಷ್ ಕಾಲುವೆಯ ಗರ್ನ್‌ಸಿ ಎಂಬ ಪುಟ್ಟ ದ್ವೀಪದಲ್ಲಿ ಸುಮಾರು 5 ಸಾವಿರ ಹೆಂಗಸರು ತಮ್ಮ ಮೂತ್ರದ ಮಾದರಿ ಕೊಟ್ಟರು. ವಿಜ್ಞಾನಿಗಳು ಅದನ್ನು ಕಾದಿಟ್ಟು, ಮುಂದೆ ಯಾರಿಗೆ ರೋಗ ಬಂತೆಂದು ವರ್ಷಗಟ್ಟಲೆ ಕಾದು ನೋಡಿ, ರೋಗ ಬಂದವರ ಮೂತ್ರದಲ್ಲಿ ಹಾರ್ಮೋನಿನ ಅವಶೇಷಗಳು ಮೊದಲೇ ಬೇರೆ ಪ್ರಮಾಣದಲ್ಲಿದ್ದವೋ ಎಂದು ಪರೀಕ್ಷಿಸಿದರು. 2002ರಲ್ಲಿ ಇಂತಹ ಒಂಬತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಒಂದು ಮಾತು ಖಚಿತವಾಯಿತು. ಮುಟ್ಟು ನಿಂತ ಹೆಂಗಸರಲ್ಲಿ ಎಸ್ಟ್ರಡಯಾಲ್ ಎಂಬ ಹಾರ್ಮೋನು ರಕ್ತದಲ್ಲಿ ಅತಿ ಹೆಚ್ಚಿದ್ದ ಐದನೇ ಒಂದು ಭಾಗದವರಿಗೆ, ಅತಿ ಕಡಿಮೆ ಇದ್ದ ಐದನೇ ಒಂದು ಭಾಗದವರಿಗಿಂತ ಅಪಾಯ ಸುಮಾರು ಎರಡು ಪಟ್ಟು.

ಇದಕ್ಕಿಂತ ದೊಡ್ಡ ಕೆಲಸ ಯೂರೋಪಿನ ಹತ್ತು ದೇಶಗಳಲ್ಲಿ ನಡೆದಿದೆ. 1990ರ ದಶಕದಲ್ಲಿ ಅಲ್ಲಿ 5 ಲಕ್ಷಕ್ಕೂ ಹೆಚ್ಚು ಗಂಡಸರು ಹೆಂಗಸರು ತಮ್ಮ ಊಟ ತಿಂಡಿಯ ವಿವರ ಬರೆಸಿದರು. ಅವರಲ್ಲಿ ಬಹುಪಾಲು ಜನ ರಕ್ತವನ್ನೂ ಕೊಟ್ಟರು. ಆ ರಕ್ತವನ್ನು ದ್ರವ ಸಾರಜನಕದ ಕೊರೆಯುವ ಚಳಿಯಲ್ಲಿ ಇಟ್ಟು ಕಾಪಾಡಿದರು. ಅವರಲ್ಲಿ ಮುಂದೆ ಸ್ತನದ ಕ್ಯಾನ್ಸರ್ ಬಂದ 1,624 ಹೆಂಗಸರ ಹಳೆಯ ರಕ್ತವನ್ನೂ ರೋಗ ಬಾರದ ಅಷ್ಟೇ ಹೆಂಗಸರ ರಕ್ತವನ್ನೂ ಹೊರತೆಗೆದು, 127 ತುಣುಕುಗಳನ್ನು ಅಳೆದು, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಾರ್ಮೋನು ಮಾತ್ರೆ ಸೇವಿಸದ ಹೆಂಗಸರಲ್ಲಿ ಅಸಿಟೈಲ್ ಕಾರ್ನಿಟೀನ್ ಎಂಬುದು ಹೆಚ್ಚಿದ್ದವರಿಗೆ ಅಪಾಯ ತುಸು ಹೆಚ್ಚು. ಆರ್ಜಿನೀನ್, ಆಸ್ಪರಜೀನ್ ಎಂಬ ಎರಡು ಅಮೈನೋ ಆಮ್ಲಗಳೂ ಕೆಲವು ಬಗೆಯ ಕೊಬ್ಬಿನ ತುಣುಕುಗಳೂ ಹೆಚ್ಚಿದ್ದವರಿಗೆ ಅಪಾಯ ತುಸು ಕಡಿಮೆ.

"ತುಸು" ಎಂಬ ಮಾತನ್ನು ಓದುಗರು ಗಮನಿಸಬೇಕು. ಇಲ್ಲಿನ ವ್ಯತ್ಯಾಸ ಹತ್ತು ಪಟ್ಟು ಇಪ್ಪತ್ತು ಪಟ್ಟಿನದಲ್ಲ. ನೂರಕ್ಕೆ ಇಪ್ಪತ್ತು ಇಪ್ಪತ್ತೈದರ ಆಸುಪಾಸಿನದು. ಸಾವಿರಾರು ಹೆಂಗಸರನ್ನು ಒಟ್ಟಿಗೆ ತೂಗಿದಾಗ ತಕ್ಕಡಿಯ ಮುಳ್ಳು ಒಂದು ಕಡೆಗೆ ಕೊಂಚ ವಾಲುತ್ತದೆ ಎಂದಷ್ಟೇ ಇದರ ಅರ್ಥ. ರೋಗ ಹೇಗೆ ಹುಟ್ಟುತ್ತದೆ ಎಂದು ತಿಳಿಯಲು ಇದು ಬಹಳ ಬೆಲೆಯುಳ್ಳ ಸುಳಿವು. ಆದರೆ ನಮ್ಮ ಕಚೇರಿಗೆ ಬಂದ ಆ ಒಬ್ಬ ತಾಯಿಗೆ "ನಿಮಗೆ ಬರುತ್ತದೆ", "ನಿಮಗೆ ಬರುವುದಿಲ್ಲ" ಎಂದು ಹೇಳುವ ಶಕ್ತಿ ಇದಕ್ಕಿಲ್ಲ.

ಕರಿಹಲಗೆಯ ಮೇಲೊಂದು ಲೆಕ್ಕ

ಹೇಳುವ ಶಕ್ತಿ ಬಂದಿದೆ ಎಂದು ನಂಬಿಸುವ ಸುದ್ದಿಗಳೂ ಬಂದಿವೆ. 2015ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ರಕ್ತದ ಮೆಟಬಾಲೈಟುಗಳೆಲ್ಲವನ್ನೂ ಒಂದು ನಕ್ಷೆಯಂತೆ ಓದಿ, ರೋಗ ಬರುವ 2ರಿಂದ 5 ವರ್ಷ ಮೊದಲೇ ನೂರಕ್ಕೆ 80ರಷ್ಟು ಸರಿಯಾಗಿ ಹೇಳಬಹುದೆಂದು ಪ್ರಕಟಿಸಿದರು. ಇದು ಇನ್ನೂ ಬೇರೆ ಬೇರೆ ಜನರಲ್ಲಿ ಪರೀಕ್ಷೆಯಾಗಬೇಕಾದ ಕೆಲಸ ಎಂದು ಅವರೇ ಹೇಳಿದರು. ಆದರೆ ಪತ್ರಿಕೆಗಳ ತಲೆಬರಹಕ್ಕೆ ಹತ್ತಿದ್ದು 80 ಎಂಬ ಅಂಕಿ ಮಾತ್ರ.

ನೂರಕ್ಕೆ 80 ಎಂದರೆ ಪರೀಕ್ಷೆಯಲ್ಲಿ ಮೊದಲನೆಯ ದರ್ಜೆ ಎಂದು ಯಾರಿಗಾದರೂ ಅನ್ನಿಸುತ್ತದೆ. ನಾವು ಶಾಲೆ ಬಿಟ್ಟು ಪಕ್ಷಕ್ಕೆ ಬಂದರೂ ಸೀಮೆಸುಣ್ಣದ ಚಟ ಬಿಟ್ಟಿಲ್ಲ. ಒಂದು ಲೆಕ್ಕ ಮಾಡಿ ನೋಡೋಣ.

ನಮ್ಮ ಊರಿನ ಸಾವಿರ ಹೆಂಗಸರನ್ನು ತೆಗೆದುಕೊಳ್ಳಿ. ಮುಂದಿನ ಕೆಲವು ವರ್ಷಗಳಲ್ಲಿ ಅವರಲ್ಲಿ 5 ಜನಕ್ಕೆ ಈ ರೋಗ ಬರುತ್ತದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ನೂರಕ್ಕೆ 80 ಸರಿ ಹೇಳುವ ಪರೀಕ್ಷೆ ಆ 5 ಜನರಲ್ಲಿ 4 ಜನರನ್ನು ಹಿಡಿಯುತ್ತದೆ, ಒಬ್ಬರನ್ನು "ನಿಮಗೇನೂ ಇಲ್ಲ" ಎಂದು ಮನೆಗೆ ಕಳಿಸುತ್ತದೆ. ಉಳಿದ 995 ಜನರಲ್ಲಿ ನೂರಕ್ಕೆ 20ರಷ್ಟು, ಅಂದರೆ 199 ಜನರಿಗೆ, ರೋಗ ಬರದಿದ್ದರೂ ಬರುತ್ತದೆ ಎನ್ನುತ್ತದೆ. ಒಟ್ಟು 203 ಮನೆಗಳಲ್ಲಿ ಅಳು. ಅವರಲ್ಲಿ ನಿಜವಾಗಿ ರೋಗ ಬರುವವರು 4 ಜನ. ಉಳಿದ 199 ಜನ ಮೇಲಿಂದ ಮೇಲೆ ಪರೀಕ್ಷೆ, ಫೋಟೋ, ಸೂಜಿ, ಬಸ್ಸಿನ ಖರ್ಚು, ಕಳೆದುಕೊಂಡ ಕೂಲಿ ಎಲ್ಲವನ್ನೂ ತೆರಬೇಕು. ಪರೀಕ್ಷೆ ಮಾರಿದವನಿಗೆ ಮಾತ್ರ ಸಾವಿರ ಜನರ ದುಡ್ಡೂ ಬಂದಿರುತ್ತದೆ. ನಮ್ಮ ವ್ಯಾಪಾರಿ ಬಂಧುಗಳು ಹೇಳಲಿ. ಸಾವಿರ ಮೂಟೆಯಲ್ಲಿ 5 ಹುಳಿತ ಮೂಟೆ ಹುಡುಕಲು 203 ಮೂಟೆ ಬಿಚ್ಚಿ, ಒಂದನ್ನು ತಪ್ಪಿಸಿಬಿಡುವ ಗುಮಾಸ್ತನಿಗೆ ಯಾರು ಸಂಬಳ ಕೊಡುತ್ತಾರೆ?

ಈ ಅವಸರ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಜರ್ಮನಿ ನೋಡಿದೆ. 2019ರ ಫೆಬ್ರವರಿಯಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಆಸ್ಪತ್ರೆ ಸ್ತನದ ಕ್ಯಾನ್ಸರ್ ಹಿಡಿಯುವ ರಕ್ತಪರೀಕ್ಷೆ ಸಿದ್ಧವಾಯಿತೆಂದು ಪತ್ರಿಕಾಗೋಷ್ಠಿ ಕರೆದು ಸಾರಿತು. ಅದು ಅಳೆಯುತ್ತಿದ್ದುದು ರಕ್ತದ ಬೇರೆ ಗುರುತುಗಳನ್ನು, ಆದರೆ ಕತೆ ಒಂದೇ. ಒಂದು ದೊಡ್ಡ ಪತ್ರಿಕೆ ಅದನ್ನು ಜಗತ್ತಿನ ಅದ್ಭುತವೆಂದು ಹೊಗಳಿತು. ಆ ವರ್ಷವೇ ಮಾರಾಟಕ್ಕೆ ಬರುತ್ತದೆಂದರು. ಇತರ ವಿಜ್ಞಾನಿಗಳ ಮುಂದೆ ಇಟ್ಟು ಒಪ್ಪಿಸಿದ ಲೇಖನವೇ ಆಗ ಇರಲಿಲ್ಲ. ಸಂಖ್ಯಾಶಾಸ್ತ್ರಜ್ಞರು, ವೈದ್ಯರ ಸಂಘಗಳು ಪ್ರಶ್ನೆ ಎತ್ತಿದರು. ಆಸ್ಪತ್ರೆ ಕ್ಷಮೆ ಕೇಳಿತು, ತನಿಖೆ ನಡೆಯಿತು. ಹೇಳಿದ ವರ್ಷದಲ್ಲಿ ಪರೀಕ್ಷೆ ಅಂಗಡಿಗೆ ಬರಲಿಲ್ಲ. ಆಸ್ಪತ್ರೆಯ ಜೊತೆಗೆ ಲಾಭದ ಕಂಪನಿಯೊಂದನ್ನು ಕಟ್ಟಿದಾಗ ವಿಜ್ಞಾನದ ಬಾಯಿಗೆ ಮಾರುಕಟ್ಟೆಯ ನಾಲಗೆ ಹೇಗೆ ಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಯಾರ ರಕ್ತ, ಯಾರ ಸ್ವತ್ತು?

ಇಲ್ಲಿ ನಮ್ಮ ಮುಖ್ಯ ಮಾತು. ಗರ್ನ್‌ಸಿಯ ಹೆಂಗಸರು ಮೂತ್ರ ಕೊಟ್ಟದ್ದು, ಯೂರೋಪಿನ ಲಕ್ಷಾಂತರ ಜನ ರಕ್ತ ಕೊಟ್ಟದ್ದು ಮಾರಾಟಕ್ಕಲ್ಲ. ತಮಗೆ ಆಗದಿದ್ದರೂ ತಮ್ಮ ಮಗಳಿಗೆ, ಮೊಮ್ಮಗಳಿಗೆ ಆಗಲಿ ಎಂದು ಕೊಟ್ಟರು. ಅದನ್ನು ವರ್ಷಗಟ್ಟಲೆ ಕಾದದ್ದು ಬಹುಪಾಲು ಸಾರ್ವಜನಿಕರ ತೆರಿಗೆಯ ಹಣ, ಜನರ ವಂತಿಗೆಯ ಹಣ. ಹೀಗೆ ಕೂಡಿಟ್ಟ ಜ್ಞಾನ ಕೆರೆಯ ನೀರಿನಂತೆ ಎಲ್ಲರದು. ಕೆರೆಯನ್ನು ಊರೆಲ್ಲ ಸೇರಿ ತೋಡಿದ ಮೇಲೆ ಒಬ್ಬನು ತೂಬಿನ ಬಳಿ ಕುಳಿತು ಕೊಡಕ್ಕಿಷ್ಟು ಎಂದು ವಸೂಲಿ ಮಾಡಿದರೆ ನಾವು ಸುಮ್ಮನಿರುತ್ತೇವೆಯೆ?

ಇನ್ನೊಂದು ಮಾತು. ಆ ಹತ್ತು ದೇಶಗಳು ಯೂರೋಪಿನವು. ಅಲ್ಲಿಯ ಹೆಂಗಸರು ತಿನ್ನುವುದು ಗೋಧಿಯ ಬ್ರೆಡ್ಡು, ಮಾಂಸ, ಗಿಣ್ಣು. ನಮ್ಮವರು ತಿನ್ನುವುದು ರಾಗಿ ಮುದ್ದೆ, ಜೋಳದ ರೊಟ್ಟಿ, ರೇಷನ್ ಅಕ್ಕಿಯ ಅನ್ನ. ಊಟ ಬದಲಾದರೆ ರಕ್ತದ ತುಣುಕುಗಳೂ ಬದಲಾಗುತ್ತವೆ. ಅಲ್ಲಿನ ಹೆಂಗಸರ ರಕ್ತದಿಂದ ಮಾಡಿದ ಅಳತೆಗೋಲನ್ನು ತಂದು ಇಲ್ಲಿ ಹಾಗೆಯೇ ಅಳೆಯುವುದು, ಬೆಳಗಾವಿಯ ಸೇರಿನಲ್ಲಿ ಲಂಡನ್ನಿನ ಹಾಲು ಅಳೆದಂತೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1980ರ ದಶಕದ ಆರಂಭದಿಂದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಅಲ್ಲಿನ ಅಂಕಿಗಳಿಂದಲೇ ಬೆಂಗಳೂರಿನ ಹೆಂಗಸರಲ್ಲಿ ಸ್ತನದ ಕ್ಯಾನ್ಸರೇ ಎಲ್ಲಕ್ಕಿಂತ ಹೆಚ್ಚು ಎಂದು ನಾವು ಅರಿತದ್ದು. ಇಂತಹ ಸಾರ್ವಜನಿಕ ಸಂಸ್ಥೆಗಳಿಗೆ ಹಣ ಕೊಟ್ಟು, ನಮ್ಮ ಜಿಲ್ಲೆಗಳ ಹೆಂಗಸರ ಒಪ್ಪಿಗೆ ಪಡೆದು, ನಮ್ಮದೇ ಊಟ, ನಮ್ಮದೇ ದುಡಿಮೆ, ನಮ್ಮದೇ ರಕ್ತದ ಮೇಲೆ ಸಂಶೋಧನೆ ನಡೆಸಬೇಕು. ಅದರ ಫಲ ಯಾವ ಕಂಪನಿಯ ಬೀರುವಿನಲ್ಲೂ ಬೀಗ ಬೀಳಬಾರದು.

ರಕ್ತ ಹೇಳುವ ಕತೆ ಅಡಿಗೆಮನೆಯದಷ್ಟೇ ಅಲ್ಲ, ಪಾಳಿಯದೂ ಹೌದು. ರಾತ್ರಿ ಕತ್ತಲಲ್ಲಿ ನಾವು ಮಲಗಿದಾಗ ದೇಹದಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಏರುತ್ತದೆ. ರಾತ್ರಿಯೆಲ್ಲ ದೀಪದ ಕೆಳಗೆ ದುಡಿದವರಲ್ಲಿ ಅದು ಕುಗ್ಗುತ್ತದೆ. ಅದರ ಅವಶೇಷವನ್ನು ಮೂತ್ರದಲ್ಲಿ ಅಳೆಯಲು ಬರುತ್ತದೆ. ರಾತ್ರಿ ಪಾಳಿಯ ಕೆಲಸ ಬಹುಶಃ ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2007ರಲ್ಲಿ ತೀರ್ಮಾನಿಸಿ, 2019ರಲ್ಲಿ ಮತ್ತೆ ಪರಿಶೀಲಿಸಿ ಅದೇ ಮಾತಿಗೆ ನಿಂತಿತು. "ಬಹುಶಃ" ಎಂಬ ಮಾತನ್ನು ನಾವು ನುಂಗುವುದಿಲ್ಲ. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳಿಲ್ಲ. ಆದರೂ ಡೆನ್ಮಾರ್ಕಿನ ಸರ್ಕಾರ ಏನು ಮಾಡಿತು ನೋಡಿ. ವರ್ಷಗಟ್ಟಲೆ ರಾತ್ರಿ ಪಾಳಿ ದುಡಿದು ಸ್ತನದ ಕ್ಯಾನ್ಸರಿಗೆ ತುತ್ತಾದ ಸುಮಾರು 40 ಹೆಂಗಸರಿಗೆ, ಇದು ಕೆಲಸದಿಂದ ಬಂದ ಕಾಯಿಲೆ ಎಂದು ಒಪ್ಪಿ, 2009ರ ಹೊತ್ತಿಗೆ ಪರಿಹಾರ ಕೊಟ್ಟಿತು. ನಮ್ಮಲ್ಲಿ? 2023ರಲ್ಲಿ ಕರ್ನಾಟಕದ ಶಾಸನ ಸಭೆ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಹೆಂಗಸರ ರಾತ್ರಿ ಪಾಳಿಗೆ ದಾರಿ ತೆರೆಯಿತು. ಹೆಂಗಸರು ರಾತ್ರಿ ದುಡಿಯಕೂಡದು ಎಂಬುದು ನಮ್ಮ ವಾದವಲ್ಲ. ದುಡಿಸಿಕೊಳ್ಳುವ ಮಾಲೀಕ ಅವರ ಆರೋಗ್ಯದ ಹೊಣೆಯನ್ನೂ ಹೊರಲಿ ಎಂಬುದು ನಮ್ಮ ವಾದ.

ಕೈಯ ಪರೀಕ್ಷೆ

ಹಾಗಾದರೆ ರಕ್ತಪರೀಕ್ಷೆ ಬೇಡವೆಂದರೆ ಮತ್ತೇನು ದಾರಿ ಎಂದು ಕೇಳುವವರಿಗೆ ಉತ್ತರವನ್ನು ಯೂರೋಪಿನಿಂದ ತರಬೇಕಾಗಿಲ್ಲ. ಅದು ಮುಂಬಯಿಯ ಕೊಳೆಗೇರಿಗಳಲ್ಲಿ ಸಿಕ್ಕಿದೆ.

1998ರಲ್ಲಿ ಅಲ್ಲಿನ ಟಾಟಾ ಸ್ಮಾರಕ ಆಸ್ಪತ್ರೆಯವರು ಬಡ ಬಸ್ತಿಗಳ 1,51,538 ಹೆಂಗಸರನ್ನು ಸೇರಿಸಿಕೊಂಡು ಒಂದು ಪ್ರಯೋಗ ಆರಂಭಿಸಿದರು. ಎಲ್ಲರೂ 35ರಿಂದ 64 ವಯಸ್ಸಿನವರು. ಅರ್ಧದಷ್ಟು ಬಸ್ತಿಗಳಲ್ಲಿ ಎರಡು ವರ್ಷಕ್ಕೊಮ್ಮೆ ಕಾರ್ಯಕರ್ತೆಯರು ಹೆಂಗಸರ ಎದೆಯನ್ನು ಕೈಯಿಂದ ಮುಟ್ಟಿ ಗಂಟು ಇದೆಯೇ ಎಂದು ಪರೀಕ್ಷಿಸಿದರು. ಆ ಕಾರ್ಯಕರ್ತೆಯರು ಡಾಕ್ಟರರಲ್ಲ. ಹತ್ತನೆಯ ತರಗತಿ ಓದಿ, ಕೆಲವು ವಾರಗಳ ತರಬೇತಿ ಪಡೆದ ಹೆಂಗಸರು. ಯಂತ್ರವಿಲ್ಲ, ಸೂಜಿಯಿಲ್ಲ. ಇಪ್ಪತ್ತು ವರ್ಷ ಕಾದು 2021ರಲ್ಲಿ ಲೆಕ್ಕ ಹಾಕಿದಾಗ ಪರೀಕ್ಷೆ ನಡೆದ ಬಸ್ತಿಗಳಲ್ಲಿ ರೋಗ ಬೇಗ ಪತ್ತೆಯಾಗಿತ್ತು. ಬಲಿತ ಹಂತದಲ್ಲಿ ಬಂದವರ ಸಂಖ್ಯೆ ತಗ್ಗಿತ್ತು. 50 ವರ್ಷ ದಾಟಿದ ಹೆಂಗಸರಲ್ಲಿ ಈ ರೋಗದ ಸಾವು ನೂರಕ್ಕೆ 30ರಷ್ಟು ಕಡಿಮೆಯಾಗಿತ್ತು. 50ರ ಒಳಗಿನವರಲ್ಲಿ ಸಾವು ತಗ್ಗಿದ್ದು ಸಾಬೀತಾಗಲಿಲ್ಲ, ಅದನ್ನೂ ಹೇಳಿಬಿಡುವುದು ನ್ಯಾಯ. ಆದರೂ ಕೈಯೊಂದನ್ನೇ ನಂಬಿ ಮಾಡಿದ ಕೆಲಸಕ್ಕೆ ಇದು ಸಣ್ಣ ಫಲವೆ?

ಸರ್ಕಾರಕ್ಕೆ ಇದು ಗೊತ್ತಿಲ್ಲವೆ? ಚೆನ್ನಾಗಿ ಗೊತ್ತು. 30 ವರ್ಷ ದಾಟಿದ ಪ್ರತಿ ಹೆಂಗಸಿಗೂ ಬಾಯಿ, ಸ್ತನ, ಗರ್ಭಕೋಶದ ಕೊರಳು ಈ ಮೂರರ ಕ್ಯಾನ್ಸರ್ ತಪಾಸಣೆ ಹಳ್ಳಿ ಮೊಹಲ್ಲಾಗಳ ಮಟ್ಟದಲ್ಲೇ ಆಗಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಬರೆದಿಟ್ಟಿದೆ. ಕಾಗದದ ಮೇಲೆ ಬರೆದದ್ದು ಎದೆಯ ಮೇಲಿನ ಗಂಟನ್ನು ಮುಟ್ಟಿತೆ? ಸರ್ಕಾರದ್ದೇ ಆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019ರಿಂದ 2021ರ ವರೆಗೆ ಮನೆ ಮನೆ ಕೇಳಿತು. 30ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಸ್ತನದ ತಪಾಸಣೆ ಮಾಡಿಸಿಕೊಂಡವರು ಒಬ್ಬರು ಕೂಡ ಇರಲಿಲ್ಲ. ನೂರಕ್ಕೆ ಒಂದಕ್ಕೂ ಕಡಿಮೆ! ಹೀಗಿರುವಾಗ ನಮ್ಮ ದೇಶದಲ್ಲಿ ಅರ್ಧಕ್ಕೂ ಹೆಚ್ಚು ರೋಗಿಗಳು ರೋಗ ಬಲಿತ ಮೇಲೆಯೇ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ ಎಂಬುದರಲ್ಲಿ ಆಶ್ಚರ್ಯವೇನು?

ಸರ್ಕಾರ ಕೈಬಿಟ್ಟ ಜಾಗಕ್ಕೇ ಆ ಬಣ್ಣದ ಕರಪತ್ರ ಬಂದು ಕೂತದ್ದು. ಉಚಿತವಾಗಿ ಮನೆಬಾಗಿಲಿಗೆ ಬರಬೇಕಾದ ಕೈ ಬರದಿದ್ದಾಗ, ಅರ್ಧ ತಿಂಗಳ ಸಂಬಳ ಕೇಳುವ ಸೂಜಿ ಬರುತ್ತದೆ.

ಆಕೆ ಹೇಳದೆ ಉಳಿಸಿದ ಮಾತು

ಎರಡು ದಿನದ ಮೇಲೆ ಆ ಹೆಣ್ಣುಮಗಳು ಮತ್ತೆ ಬಂದರು. ಈ ಪರೀಕ್ಷೆ ಬೇಡವೆಂದೂ ದುಡ್ಡು ಉಳಿಸಿಕೊಳ್ಳಬೇಕೆಂದೂ ನಾವು ಹೇಳಿದೆವು. ಆಕೆ ತಲೆಯಾಡಿಸಿದರು, ಆದರೆ ಏಳಲಿಲ್ಲ. ನಮಗೆ ಅರ್ಥವಾಗಲಿಲ್ಲ. ನಮ್ಮ ಮಹಿಳಾ ಶಾಖೆಯ ಸಂಗಾತಿಯೊಬ್ಬರು ಅಲ್ಲಿದ್ದರು. ಅವರು, "ಬಾ ಅಕ್ಕ, ಚಹಾ ಕುಡಿಯೋಣ" ಎಂದು ಒಳಗೆ ಕರೆದುಕೊಂಡು ಹೋದರು. ಅರ್ಧ ಗಂಟೆಯ ಮೇಲೆ ಹೊರಗೆ ಬಂದ ಆ ಸಂಗಾತಿಯ ಮುಖ ಬಿಳುಚಿಕೊಂಡಿತ್ತು. ಐದು ತಿಂಗಳಿಂದ ಆಕೆಯ ಎದೆಯಲ್ಲಿ ಒಂದು ಗಂಟು ಇತ್ತು. ನೋವಿಲ್ಲದ್ದರಿಂದ ಸುಮ್ಮನಿದ್ದರು. ಗಂಡನಿಗೆ ಹೇಳಲು ನಾಚಿಕೆ, ಮಿಲ್ಲಿನಲ್ಲಿ ಹೇಳಿದರೆ ಕೆಲಸ ಹೋದೀತೆಂಬ ಭಯ, ಆಸ್ಪತ್ರೆಯಲ್ಲಿ ಗಂಡು ಡಾಕ್ಟರಿಗೆ ತೋರಿಸಬೇಕಲ್ಲ ಎಂಬ ಸಂಕೋಚ. ರಕ್ತ ಕೊಟ್ಟರೆ ಯಾರಿಗೂ ಎದೆ ತೋರಿಸದೆ ತಿಳಿದುಬಿಡುತ್ತದಲ್ಲ ಎಂದು ಆ ಕರಪತ್ರವನ್ನು ಹಿಡಿದು ಬಂದಿದ್ದರು.

ಮುಂದಿನ ಬೆಳಿಗ್ಗೆ ನಮ್ಮ ಸಂಗಾತಿ ಆಕೆಯ ಜೊತೆಗೆ ಸರ್ಕಾರಿ ಆಸ್ಪತ್ರೆಗೆ ಹೋದರು. ಅಲ್ಲಿ ಹೆಣ್ಣು ಡಾಕ್ಟರೇ ನೋಡಿದರು. ಸೂಜಿ ಹಾಕಿ ತೆಗೆದ ಮಾದರಿಯಲ್ಲಿ ಕ್ಯಾನ್ಸರ್ ಇದೆ ಎಂದು ಗೊತ್ತಾಯಿತು. ಈಗ ಚಿಕಿತ್ಸೆ ನಡೆಯುತ್ತಿದೆ. ಐದು ತಿಂಗಳ ಹಿಂದೆಯೇ ಬಂದಿದ್ದರೆ ಚೆನ್ನಾಗಿತ್ತು ಎಂದು ಡಾಕ್ಟರು ಹೇಳಿದರಂತೆ.

ಆ ಐದು ತಿಂಗಳಲ್ಲಿ ನಾವು ಏನು ಮಾಡುತ್ತಿದ್ದೆವು? ಆ ಮಿಲ್ಲಿನ ಗೇಟಿನಲ್ಲಿ ಬೋನಸ್ಸಿನ ಬಗ್ಗೆ, ತುಟ್ಟಿಭತ್ಯೆಯ ಬಗ್ಗೆ ಭಾಷಣ ಮಾಡುತ್ತಿದ್ದೆವು. ಆಕೆಯೂ ಗುಂಪಿನಲ್ಲಿ ನಿಂತು ಕೇಳುತ್ತಿದ್ದಿರಬೇಕು. ನಮ್ಮ ಬೇಡಿಕೆಗಳ ಪಟ್ಟಿಯಲ್ಲಿ ಆಕೆಯ ಬೇಡಿಕೆ ಇರಲಿಲ್ಲ. ಇದನ್ನು ಒಪ್ಪಿಕೊಳ್ಳದೆ ಬೇರೆಯವರ ಮೇಲೆ ಬೆರಳು ತೋರಿಸುವುದು ನಮಗೆ ಶೋಭಿಸುವುದಿಲ್ಲ.

ಆಗಬೇಕಾದದ್ದು

ಆದ್ದರಿಂದ ನಮ್ಮ ಬೇಡಿಕೆಗಳನ್ನು ಈಗಲಾದರೂ ಸ್ಪಷ್ಟವಾಗಿ ಇಡುತ್ತೇವೆ. 2016ರ ತಪಾಸಣೆಯ ಯೋಜನೆ ನಮ್ಮ ಜಿಲ್ಲೆಯ ಪ್ರತಿ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆ ನಿಗದಿಯಾದ ದಿನ, ಹೆಣ್ಣು ಸಿಬ್ಬಂದಿಯ ಕೈಯಿಂದಲೇ ನಡೆಯಬೇಕು. ಆ ಕೆಲಸಕ್ಕೆ ಆಶಾ ಕಾರ್ಯಕರ್ತೆಯರನ್ನು ಬಳಸುವುದಾದರೆ ಅವರಿಗೆ ಪ್ರೋತ್ಸಾಹಧನದ ಚಿಲ್ಲರೆಯನ್ನಲ್ಲ, ಸಂಬಳವನ್ನು ಕೊಡಬೇಕು. ಮಿಲ್ಲುಗಳಲ್ಲಿ ವರ್ಷಕ್ಕೊಮ್ಮೆ ಸಂಬಳ ಕಡಿಯದ ತಪಾಸಣೆಯ ದಿನ ಇರಬೇಕು. ರಕ್ತದಿಂದ ಭವಿಷ್ಯ ಹೇಳುವ ಪರೀಕ್ಷೆಗಳನ್ನು ಮಾರುವವರು ಮೊದಲು ಸರ್ಕಾರದ ತಜ್ಞರ ಮುಂದೆ ತಮ್ಮ ಲೆಕ್ಕವನ್ನು, ನಾವು ಕರಿಹಲಗೆಯ ಮೇಲೆ ಬರೆದ ಆ 199ರ ಲೆಕ್ಕವನ್ನೂ ಸೇರಿಸಿ, ಬಿಚ್ಚಿಡಬೇಕು. ನಾಳೆ ನಿಜಕ್ಕೂ ಒಳ್ಳೆಯ ಪರೀಕ್ಷೆ ಬಂದರೆ ಅದನ್ನು ಮೊದಲು ಸ್ವಾಗತಿಸುವವರು ನಾವು. ಆದರೆ ಅದು ಸರ್ಕಾರಿ ಆಸ್ಪತ್ರೆಯ ಕಿಟಕಿಯಲ್ಲಿ ಸಿಗಬೇಕು.

ಕಾರ್ಮಿಕ ಬಂಧುಗಳಿಗೆ ಒಂದು ಮಾತು. ಇ.ಎಸ್.ಐ. ವಂತಿಗೆ ಕಟ್ಟುವ ಕಾರ್ಮಿಕರಿಗೆ, ನಿಯಮದಷ್ಟು ಕಾಲ ವಂತಿಗೆ ಕಟ್ಟಿದ್ದರೆ, ಕ್ಯಾನ್ಸರಿನಂತಹ ದೀರ್ಘ ಕಾಯಿಲೆಯಲ್ಲಿ ಕೂಲಿಯ ನೂರಕ್ಕೆ 80 ಭಾಗದಷ್ಟು ಭತ್ಯೆ ದೀರ್ಘ ಕಾಲ ಸಿಗುವ ವ್ಯವಸ್ಥೆ ಇದೆ. ಇದು ದಾನವಲ್ಲ, ನಿಮ್ಮ ದುಡ್ಡು. ಗೊತ್ತಿಲ್ಲವೆಂದು ಬಿಡಬೇಡಿ. ಸಣ್ಣ ವ್ಯಾಪಾರಿ ಬಂಧುಗಳಿಗೆ ಆ ಆಸರೆಯೂ ಇಲ್ಲ. ಅಂಗಡಿ ಮುಚ್ಚಿದ ದಿನ ಗಲ್ಲಾಪೆಟ್ಟಿಗೆ ಖಾಲಿ. ಹಾಗಾಗಿಯೇ ಉಚಿತ ಸಾರ್ವಜನಿಕ ಚಿಕಿತ್ಸೆಯ ಹೋರಾಟದಲ್ಲಿ ಅಂಗಡಿಯವರೂ ಕಾರ್ಮಿಕರೂ ಒಂದೇ ಸಾಲಿನಲ್ಲಿ ನಿಲ್ಲಬೇಕಾದವರು.

ಗಂಡಸರಿಗೂ ಒಂದು ಮಾತು. ಎದೆಯಲ್ಲಿ ನೋವಿಲ್ಲದ ಗಂಟು, ಚರ್ಮ ಒಳಗೆ ಎಳೆದಂತಾಗುವುದು, ತೊಟ್ಟು ಹೊಸದಾಗಿ ಒಳಗೆ ಹೋಗುವುದು, ತೊಟ್ಟಿನಿಂದ ರಕ್ತ ಸೋರುವುದು, ಇವುಗಳಲ್ಲಿ ಯಾವುದೇ ಇದ್ದರೂ ಡಾಕ್ಟರಿಗೆ ತೋರಿಸಬೇಕು. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂದು ಅಡಿಗೆಮನೆಯಲ್ಲಿ ಕುಳಿತು ತೀರ್ಮಾನಿಸಲು ಬರುವುದಿಲ್ಲ. ನಿಮ್ಮ ತಾಯಿ, ಹೆಂಡತಿ, ಅಕ್ಕತಂಗಿಯರು ನಿಮಗೆ ಹೇಳಲು ನಾಚುತ್ತಾರೆಂದರೆ, ಹಾಗೆ ನಾಚುವಂತೆ ಮಾಡಿದವರು ನಾವೇ. ಇವತ್ತು ಮನೆಗೆ ಹೋಗಿ ಈ ಪತ್ರಿಕೆಯನ್ನು ಅವರ ಕೈಗೆ ಕೊಡಿ. ಓದು ಬಾರದವರಿಗೆ ಓದಿ ಹೇಳಿ.

ಮುಂದಿನ ಭಾನುವಾರದಿಂದ ನಮ್ಮ ಮಹಿಳಾ ಶಾಖೆಯ ಸಂಗಾತಿಗಳು ಮಿಲ್ಲಿನ ಲೈನುಗಳಲ್ಲಿ ಮನೆ ಮನೆಗೆ ಬರುತ್ತಾರೆ. ವಂತಿಗೆ ಕೇಳಲು ಅಲ್ಲ, ಆಸ್ಪತ್ರೆಗೆ ಜೊತೆಗೆ ಬರುತ್ತೇವೆ ಎಂದು ಹೇಳಲು. ಬಾಗಿಲು ತೆರೆಯಿರಿ.